ಹೊಸ ಆ್ಯಪ್ ತೋಟದಲ್ಲಿ ಬೇರೂರಬೇಕಾದರೆ: ಕೆಲಸದವರ ನಡುವಿನಿಂದಲೇ ಚಾಂಪಿಯನ್‌ಗಳನ್ನು ಬೆಳೆಸುವ ಬಗೆ

ಕೊಡಗಿನ ಕಾಫಿ ತೋಟಗಳಲ್ಲಿ ಹಾಜರಿ, ಕೊಯ್ಲಿನ ತೂಕ, ಬಟವಾಡೆ, ಗೊಬ್ಬರದ ದಾಸ್ತಾನು ಎಲ್ಲವೂ ಒಂದೊಂದಾಗಿ ಫೋನಿಗೆ ಬರುತ್ತಿವೆ. ಮಾಲೀಕರ ಹುಮ್ಮಸ್ಸು ಒಂದು ಕಾರಣ, ಹೊರಗಿನ ಒತ್ತಡ ಇನ್ನೊಂದು. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಕಾಫಿ ಬೆಳೆದ ಜಾಗವನ್ನು ಅಕ್ಷಾಂಶ ರೇಖಾಂಶ ಸಮೇತ ತೋರಿಸಬೇಕು. ಜಾಗ 4 ಹೆಕ್ಟೇರಿಗಿಂತ ದೊಡ್ಡದಾದರೆ ಅದರ ಸುತ್ತಲಿನ ಗಡಿಯನ್ನೇ ಗುರುತು ಮಾಡಿ ಕೊಡಬೇಕು. ಪಾಲನೆಯ ಗಡುವು ಮುಂದಕ್ಕೆ ಹೋಗಿದ್ದರೂ ಲೆಕ್ಕವನ್ನಂತೂ ಸಿದ್ಧ ಇಟ್ಟುಕೊಳ್ಳಲೇಬೇಕು. ಊರಿನ ಸಹಕಾರ ಸಂಘಗಳ ಕಥೆಯೂ ಇಂಥದ್ದೇ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಆದರೆ ಸಾಫ್ಟ್‌ವೇರ್ ಖರೀದಿಸಿದ ಮಾತ್ರಕ್ಕೆ ಕೆಲಸ ಸಾಗುವುದಿಲ್ಲ. ಸಾಮಾನ್ಯವಾಗಿ ಆಗುವುದು ಹೀಗೆ: ಕಂಪನಿಯ ಹುಡುಗ ಬೆಂಗಳೂರಿನಿಂದ ಬಂದು, ಆಫೀಸಿನಲ್ಲಿ ಎಲ್ಲರನ್ನೂ ಕೂರಿಸಿ, ಗೋಡೆಯ ಮೇಲೆ ಚಿತ್ರ ಬಿಟ್ಟು, ಮಧ್ಯಾಹ್ನದ ಊಟ ಮುಗಿಸಿ ಹೊರಡುತ್ತಾನೆ. ವಾರ ಕಳೆಯುವಷ್ಟರಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಹಗಲು ಪುಸ್ತಕದಲ್ಲಿ ಬರೆದು, ರಾತ್ರಿ ಕರೆಂಟ್ ಇದ್ದಾಗ ಅದನ್ನೇ ಫೋನಿಗೆ ತುಂಬುತ್ತಿರುತ್ತಾರೆ. ಒಂದು ಕೆಲಸ ಎರಡಾಗುತ್ತದೆ, ಬೇಸರ ಹುಟ್ಟುತ್ತದೆ. ಕೊಯ್ಲು ಜೋರಾದ ದಿನ ಆ್ಯಪ್ ಮೂಲೆ ಸೇರುತ್ತದೆ. ಇದರಲ್ಲಿ ರೈಟರ್ ತಪ್ಪೇನೂ ಇಲ್ಲ. ಸಂಜೆ ಐದಕ್ಕೆ ತಕ್ಕಡಿಯ ಮುಂದೆ ಜನ ಸಾಲು ನಿಂತಿರುವಾಗ, ಪರದೆ ಮೇಲೆ ಅರ್ಥವಾಗದ ಒಂದು ಮಾತು ಬಂದರೆ ಅವರು ಕೇಳುವುದಾದರೂ ಯಾರನ್ನು?

ಕೇಳಲು ಪಕ್ಕದಲ್ಲೇ ಒಬ್ಬರು ಇರುವಂತೆ ಮಾಡುವ ವ್ಯವಸ್ಥೆಗೇ ಕಂಪನಿಗಳಲ್ಲಿ ಚಾಂಪಿಯನ್ ಕಾರ್ಯಕ್ರಮ ಎನ್ನುತ್ತಾರೆ. ತಮ್ಮ ದಿನನಿತ್ಯದ ಕೆಲಸ ಮಾಡಿಕೊಂಡೇ, ಹೊಸ ತಂತ್ರಜ್ಞಾನವನ್ನು ಮೊದಲು ಕಲಿತು, ಜೊತೆಯವರಿಗೆ ಕೈಹಿಡಿದು ತೋರಿಸಿ, ಅವರ ತೊಂದರೆಯನ್ನು ಮೇಲಿನವರಿಗೆ ಮುಟ್ಟಿಸುವ ಕೆಲವರು. ದೊಡ್ಡ ಐಟಿ ಕಂಪನಿಗಳಿಗೆ ಮಾತ್ರ ಒಗ್ಗುವ ಸಂಗತಿ ಇದಲ್ಲ. ನಮ್ಮ ತೋಟಗಳಿಗೇ ಇದು ಹೆಚ್ಚು ಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಪಕ್ಕದವರ ಮಾತಿಗೆ ಇರುವ ತೂಕ

ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಜೋಳದ ಬೀಜ ರೈತರ ನಡುವೆ ಹೇಗೆ ಹರಡಿತು ಎಂಬ ಬಗ್ಗೆ ರಯಾನ್ ಮತ್ತು ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು 1943ರಲ್ಲಿ ಅಧ್ಯಯನ ಪ್ರಕಟಿಸಿದರು. ಅವರು ಲೆಕ್ಕಕ್ಕೆ ತೆಗೆದುಕೊಂಡ 259 ರೈತರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ 1941ರ ಹೊತ್ತಿಗೆ ಆ ಬೀಜಕ್ಕೆ ಬದಲಾಗಿದ್ದರು. ಬೀಜದ ಸುದ್ದಿ ಹೆಚ್ಚಿನವರಿಗೆ ಮೊದಲು ತಲುಪಿದ್ದು ಮಾರಾಟಗಾರರಿಂದ. ಆದರೆ ಬಿತ್ತೋಣ ಎಂದು ಮನಸ್ಸು ಗಟ್ಟಿ ಮಾಡಿಸಿದ್ದು ನೆರೆಹೊರೆಯವರ ಮಾತು. ಕೊಡಗಿನಲ್ಲಿ ತೋಟ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಪ್ರಿಂಕ್ಲರ್ ಯಾವುದು ಒಳ್ಳೆಯದು, ಮೆಣಸಿನ ಬಳ್ಳಿಗೆ ಯಾವ ಔಷಧಿ ಹೊಡೆಯಬೇಕು ಎಂದು ಅಂಗಡಿಯವರನ್ನು ಕೇಳುವ ಮೊದಲು ನಾವು ಪಕ್ಕದ ತೋಟದವರನ್ನೇ ಕೇಳುವುದು.

ಮುಂದೆ ಎವೆರೆಟ್ ರೋಜರ್ಸ್ 1962ರಲ್ಲಿ ಹೊಸದನ್ನು ಒಪ್ಪಿಕೊಳ್ಳುವ ಜನರನ್ನು ಐದು ಬಗೆಯಾಗಿ ವಿಂಗಡಿಸಿದರು. ಎಲ್ಲರಿಗಿಂತ ಮೊದಲು ಹಾರುವವರು ಶೇ 2.5. ಅವರ ಹಿಂದೆಯೇ, ನೋಡಿ ತೂಗಿ ಬೇಗ ಒಪ್ಪುವವರು ಶೇ 13.5. ಆಮೇಲೆ ಶೇ 34ರ ಎರಡು ದೊಡ್ಡ ಗುಂಪುಗಳು, ಕೊನೆಗೆ ಶೇ 16. ನಿಮ್ಮ ಚಾಂಪಿಯನ್‌ಗಳು ಸಿಗುವುದು ಎರಡನೆಯ ಗುಂಪಿನಲ್ಲಿ. ಮೊದಲ ಗುಂಪಿನವರು ಹೊಸ ಫೋನು, ಹೊಸ ಆ್ಯಪ್ ಎಂದರೆ ಸಾಕು, ಕುಣಿಯುತ್ತಾರೆ. ಅವರ ಉತ್ಸಾಹ ಒಳ್ಳೆಯದೇ, ಆದರೆ ಅವರನ್ನು ನೋಡಿ ಉಳಿದವರು ಹಿಂದೆ ಬರುವುದಿಲ್ಲ. ಎರಡನೆಯ ಗುಂಪಿನವರು ಒಪ್ಪಿದರೆ ಮಾತ್ರ "ಅವರೇ ಮಾಡುತ್ತಿದ್ದಾರೆ ಅಂದಮೇಲೆ ನೋಡೋಣ" ಎಂಬ ಮಾತು ಹುಟ್ಟುತ್ತದೆ.

ಮೊದಲು ಒಂದು ತೊಂದರೆ ಹಿಡಿಯಿರಿ

ಚಾಂಪಿಯನ್‌ಗಳನ್ನು ಹುಡುಕುವ ಮುಂಚೆ ಒಂದು ವಾಕ್ಯ ಬರೆದಿಡಿ: ಈ ಆ್ಯಪ್‌ನಿಂದ ಕೆಲಸದವರ ಯಾವ ತೊಂದರೆ ತೀರುತ್ತದೆ? ಮಾಲೀಕರ ತೊಂದರೆಯನ್ನು ಇಲ್ಲಿ ಬರೆಯಬೇಡಿ. "ಬಟವಾಡೆ ದಿನ ತೂಕದ ಜಗಳ ಇರುವುದಿಲ್ಲ" ಎಂಬುದು ಒಳ್ಳೆಯ ವಾಕ್ಯ. "ಲೆಕ್ಕ ಪಾರದರ್ಶಕವಾಗುತ್ತದೆ" ಎಂಬುದು ಯಾರಿಗೂ ಬೇಡದ ವಾಕ್ಯ. ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲೂ ಕಂಡದ್ದು ಇದೇ. ಒಂದು ತಂತ್ರಾಂಶವನ್ನು ಜನ ಬಳಸುತ್ತಾರೋ ಇಲ್ಲವೋ ಎಂಬುದರ ಮೇಲೆ, ಅದು ಸುಲಭವೇ ಎನ್ನುವುದಕ್ಕಿಂತ ಅದರಿಂದ ತಮಗೇನು ಪ್ರಯೋಜನ ಎನ್ನುವುದರ ಪ್ರಭಾವ ಹೆಚ್ಚು. ಕಷ್ಟವಾದರೂ ಉಪಯೋಗವಿದ್ದರೆ ಜನ ಕಲಿಯುತ್ತಾರೆ.

ಕೊಡಗಿನಲ್ಲಿ ಇದಕ್ಕೆ ಕಣ್ಣೆದುರೇ ಸಾಕ್ಷಿ ಇದೆ. ಸಿದ್ದಾಪುರ, ಪಾಲಿಬೆಟ್ಟ ಕಡೆ ತೋಟದೊಳಗೆ ಆನೆ ಬಂದಿದೆ ಎಂದರೆ ಆ ಸುದ್ದಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದನಿ ಸಂದೇಶವಾಗಿ ಓಡುತ್ತದೆ. ಓದು ಬರಹ ಬಾರದವರೂ ಒತ್ತಿ ಕೇಳುತ್ತಾರೆ, ಒತ್ತಿ ಹೇಳುತ್ತಾರೆ. ಯಾವ ತರಬೇತಿಯನ್ನೂ ಅವರಿಗೆ ಯಾರೂ ಕೊಟ್ಟಿಲ್ಲ. ಹಾಗಾಗಿ "ನಮ್ಮ ಕೆಲಸದವರಿಗೆ ಫೋನ್ ಗೊತ್ತಾಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಯಾರನ್ನು ಆರಿಸಬೇಕು

ಇಡೀ ಕಾರ್ಯಕ್ರಮದ ಗೆಲುವು ಸೋಲು ನಿರ್ಧಾರವಾಗುವುದು ಇಲ್ಲಿ. ಆದ್ದರಿಂದ ಅವಸರ ಬೇಡ.

ಮೊದಲು ಆಲೋಚನೆಗೆ ಬರುವುದು ಆಫೀಸಿನಲ್ಲಿ ಕಂಪ್ಯೂಟರ್ ಬಲ್ಲ, ಪದವಿ ಓದಿದ ಹುಡುಗ. ಆತನನ್ನು ಸಹಾಯಕ್ಕೆ ಇಟ್ಟುಕೊಳ್ಳಿ, ಆದರೆ ಚಾಂಪಿಯನ್ ಮಾಡುವ ಮುಂಚೆ ಯೋಚಿಸಿ. ಕುಶಲತೆ ಒಂದು, ಜನರ ವಿಶ್ವಾಸ ಇನ್ನೊಂದು. ತೋಟದಲ್ಲಿ ಎರಡು ದಿನ ಸುಮ್ಮನೆ ಗಮನಿಸಿ. ರಜೆ ಚೀಟಿ ಬರೆಸಲು, ಬ್ಯಾಂಕಿನಿಂದ ಬಂದ ಮೆಸೇಜ್ ಓದಿಸಲು, ಮಗುವಿನ ಶಾಲೆಯ ಅರ್ಜಿ ತುಂಬಿಸಲು ಜನ ಯಾರ ಬಳಿ ಹೋಗುತ್ತಾರೆ? ಅವರೇ ನಿಮಗೆ ಬೇಕಾದವರು. ಆ್ಯಪ್ ಕಲಿಸುವುದು ಒಂದು ವಾರದ ಮಾತು. ಆ ವಿಶ್ವಾಸ ವರ್ಷಗಟ್ಟಲೆ ಒಟ್ಟಿಗೆ ದುಡಿದು ಬಂದದ್ದು.

ಇನ್ನೂ ನೇರವಾಗಿ ತಿಳಿಯಬೇಕೆಂದರೆ ಕೆಲಸದವರನ್ನೇ ಕೇಳಿ. "ಫೋನಿನಲ್ಲಿ ಏನಾದರೂ ತೊಡಕಾದರೆ ಯಾರನ್ನು ಕೇಳ್ತೀರಿ?" ಎಂಬ ಒಂದೇ ಪ್ರಶ್ನೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ. ಎರಡು ಮೂರು ಹೆಸರು ಮತ್ತೆ ಮತ್ತೆ ಕೇಳಿಬರುತ್ತವೆ. ಅದರಲ್ಲಿ ಒಬ್ಬರಾದರೂ ಮ್ಯಾನೇಜರ್ ಊಹಿಸಿರದ ಹೆಸರಾಗಿರುತ್ತದೆ.

ಹೆಂಗಸರನ್ನು ಬಿಟ್ಟು ಪಟ್ಟಿ ಮಾಡಬೇಡಿ. ಹಣ್ಣು ಕೊಯ್ಯುವವರಲ್ಲಿ ಹೆಚ್ಚಿನವರು ಹೆಂಗಸರು. "ನನ್ನ ಕೆಜಿ ಸರಿಯಾಗಿ ಬಂದಿದೆಯಾ?" ಎಂದು ರೈಟರನ್ನು ಎದುರು ನಿಂತು ಕೇಳಲು ಅವರಲ್ಲಿ ಎಷ್ಟೋ ಜನರಿಗೆ ಸಂಕೋಚ. ಪಕ್ಕದ ಗಿಡದಲ್ಲಿ ಕೊಯ್ಯುತ್ತಿರುವ ಅಕ್ಕನನ್ನು ಕೇಳಲು ಆ ಸಂಕೋಚವಿಲ್ಲ.

ಭಾಷೆಯೂ ಮುಖ್ಯ. ಒಂದೇ ತೋಟದಲ್ಲಿ ಕೆಲಸದವರು ಇರುವ ಲೈನ್‌ಮನೆಗಳಲ್ಲಿ ಕನ್ನಡ, ಮಲಯಾಳ, ತಮಿಳು, ಎರವ ಭಾಷೆ ಒಟ್ಟಿಗೆ ಕೇಳಿಸುತ್ತವೆ. ಈಗ ಅಸ್ಸಾಂ, ಬಂಗಾಳದಿಂದ ಬಂದವರ ಹಿಂದಿ, ಬಂಗಾಳಿಯೂ ಸೇರಿದೆ. ಆ್ಯಪ್‌ನಲ್ಲಿ ಕನ್ನಡ ಇದ್ದರೆ ಸಾಕು ಎಂದುಕೊಂಡರೆ ಅರ್ಧ ಜನ ಹೊರಗೇ ಉಳಿಯುತ್ತಾರೆ. ಪ್ರತಿ ಭಾಷೆಯ ಗುಂಪಿನಿಂದ ಒಬ್ಬರು ಇರಲಿ. ನನ್ನ ಅಂದಾಜಿಗೆ 20–25 ಜನರಿಗೆ ಒಬ್ಬರು ಚಾಂಪಿಯನ್ ಸಾಕು, ಆದರೆ ಭಾಷೆಯ ಗುಂಪು ಹತ್ತೇ ಜನರದ್ದಾದರೂ ಅವರಿಗೆ ಅವರದೇ ಒಬ್ಬರು ಬೇಕು.

ಮೇಸ್ತ್ರಿಯನ್ನು ಚಾಂಪಿಯನ್ ಮಾಡಬಹುದೇ? ಎಚ್ಚರಿಕೆಯಿಂದ. ಕೆಲವು ಮೇಸ್ತ್ರಿಗಳನ್ನು ಜನ ನಿಜವಾಗಿಯೂ ನೆಚ್ಚಿಕೊಂಡಿರುತ್ತಾರೆ. ಆದರೆ ಕೆಲಸ ಹಂಚುವ, ಹಾಜರಿ ಹಿಡಿಯುವ ಅಧಿಕಾರ ಇರುವವರ ಮುಂದೆ "ನನಗೆ ಗೊತ್ತಾಗಲಿಲ್ಲ" ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಮೇಸ್ತ್ರಿಯ ಬೆಂಬಲ ಬೇಕೇ ಬೇಕು. ಕಲಿಸುವವರು ಮಾತ್ರ ಸಮಾನರಾಗಿದ್ದರೆ ಒಳ್ಳೆಯದು.

ಅವರ ಸಮಯಕ್ಕೆ ದುಡ್ಡು ಕೊಡಿ

ಚಾಂಪಿಯನ್ ಕೆಲಸವನ್ನು ಗೌರವದ ಕೆಲಸ ಎಂದು ಹೇಳಿ, ಒಂದು ಟೀ ಶರ್ಟ್ ಕೊಟ್ಟು ಮುಗಿಸುವ ಪದ್ಧತಿ ಹಲವು ಕಡೆ ಇದೆ. ತಿಂಗಳ ಸಂಬಳದವರು ಅದನ್ನು ಸಹಿಸಿಕೊಂಡಾರು. ಕೆಜಿ ಲೆಕ್ಕದಲ್ಲಿ ದುಡಿಯುವವರಿಗೆ ಅದು ನೇರ ನಷ್ಟ.

ಲೆಕ್ಕ ನೋಡಿ. ಕೊಯ್ಲಿನ ಕಾಲದಲ್ಲಿ ಒಬ್ಬಾಕೆ ದಿನಕ್ಕೆ ಇಷ್ಟು ಕೆಜಿ ಹಣ್ಣು ಕೊಯ್ದು ಅದರ ಮೇಲೆ ಕೂಲಿ ಪಡೆಯುತ್ತಾಳೆ. ಬೇರೆಯವರ ಫೋನು ನೋಡಿಕೊಡಲು ದಿನಕ್ಕೆ ಒಂದು ಗಂಟೆ ಹೋದರೆ ಆ ಗಂಟೆಯ ಹಣ್ಣು ಗಿಡದಲ್ಲೇ ಉಳಿಯಿತು. ತೋಟಕ್ಕೆ ಆ ಹಣ್ಣು ನಾಳೆ ಸಿಗುತ್ತದೆ; ಆಕೆಗೆ ಆ ಗಂಟೆಯ ಕೂಲಿ ಸಿಗುವುದಿಲ್ಲ. ಆದ್ದರಿಂದ ಆಕೆಯ ಹಿಂದಿನ ಎರಡು ವಾರದ ಸರಾಸರಿ ತೆಗೆದು, ಚಾಂಪಿಯನ್ ಕೆಲಸದ ಗಂಟೆಗೆ ಅದೇ ದರದಲ್ಲಿ ಹಣ ಕೊಡಿ. ಬಟವಾಡೆ ಹಾಳೆಯಲ್ಲಿ ಅದಕ್ಕೆ ಬೇರೆ ಸಾಲು ಇರಲಿ. ಕೈಯಲ್ಲಿ ಗುಟ್ಟಾಗಿ ಕೊಟ್ಟರೆ "ಸಾಹುಕಾರರ ಕಡೆಯವಳು" ಎಂಬ ಹೆಸರು ಬರುತ್ತದೆ, ಅಲ್ಲಿಗೆ ಆಕೆಯ ಮಾತಿನ ಬೆಲೆ ಹೋಯಿತು.

ಫೋನು, ರೀಚಾರ್ಜ್ ವಿಷಯದಲ್ಲೂ ಹೀಗೆಯೇ. ತೋಟದ ಕೆಲಸಕ್ಕೆ ತೋಟದ ಫೋನು. ಸ್ವಂತ ಫೋನು ಬಳಸಿ ಎಂದು ಹೇಳುವುದಾದರೆ ರೀಚಾರ್ಜ್‌ನ ಖರ್ಚು ಕೊಡಿ. ಜೊತೆಗೆ ಒಂದು ಪವರ್ ಬ್ಯಾಂಕ್ ಮತ್ತು ಮಳೆಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಇವೆಲ್ಲ ಸೇರಿ ಆಗುವ ಖರ್ಚು ಸಾಫ್ಟ್‌ವೇರ್ ದರದ ಮುಂದೆ ದೊಡ್ಡದಲ್ಲ, ಆದರೂ ಬಜೆಟ್‌ನಲ್ಲಿ ಮೊದಲು ಕತ್ತರಿ ಬೀಳುವುದು ಇವಕ್ಕೇ.

ಒಂದು ಪುಟದ ಪತ್ರ

ಬಾಯಿಮಾತಿನಲ್ಲಿ ಬಿಡಬೇಡಿ. ಮ್ಯಾನೇಜರ್ ಸಹಿ ಮಾಡಿದ ಒಂದು ಪುಟದ ಪತ್ರ ಕೊಡಿ, ಮೇಸ್ತ್ರಿಗಳಿಗೂ ರೈಟರಿಗೂ ಅದನ್ನು ಓದಿ ಹೇಳಿ. ಮಾತು ಹೀಗಿರಲಿ:

"ನೀವು ಈ ಕೊಯ್ಲಿನ ಕಾಲ ಮುಗಿಯುವವರೆಗೆ ನಿಮ್ಮ ಗುಂಪಿನ ಚಾಂಪಿಯನ್. ದಿನಕ್ಕೆ ಒಂದು ಗಂಟೆ ಈ ಕೆಲಸಕ್ಕೆ ಮೀಸಲು, ಅದಕ್ಕೆ ಕೂಲಿ ಇದೆ. ಜೊತೆಯವರಿಗೆ ಆ್ಯಪ್ ತೋರಿಸುವುದು, ಅವರ ದೂರನ್ನು ವಾರಕ್ಕೊಮ್ಮೆ ನಮಗೆ ಹೇಳುವುದು ನಿಮ್ಮ ಕೆಲಸ. ಬೇರೆಯವರ ಪರವಾಗಿ ಲೆಕ್ಕ ತುಂಬುವುದು ನಿಮ್ಮ ಕೆಲಸವಲ್ಲ. ಯಾರು ಬಳಸುತ್ತಿಲ್ಲ ಎಂದು ನಮಗೆ ವರದಿ ಕೊಡುವುದೂ ನಿಮ್ಮ ಕೆಲಸವಲ್ಲ. ಯಾವಾಗ ಬೇಕಾದರೂ ಬೇಡ ಎಂದು ಹಿಂದೆ ಸರಿಯಬಹುದು. ಅದರಿಂದ ನಿಮ್ಮ ಕೆಲಸಕ್ಕೆ ತೊಂದರೆಯಿಲ್ಲ."

ನಡುವಿನ ಎರಡು "ಅಲ್ಲ"ಗಳು ಬಹಳ ಮುಖ್ಯ. ಬೇರೆಯವರ ಲೆಕ್ಕವನ್ನು ಚಾಂಪಿಯನ್ ತಾನೇ ತುಂಬಲು ಶುರು ಮಾಡಿದರೆ ತಿಂಗಳೊಳಗೆ ಇಡೀ ಗುಂಪಿನ ಗುಮಾಸ್ತನಾಗುತ್ತಾನೆ, ಉಳಿದವರು ಕಲಿಯುವುದೇ ಇಲ್ಲ. ಬಳಸದವರ ಹೆಸರನ್ನು ಮೇಲಿನವರಿಗೆ ಕೊಟ್ಟರೆ ಮರುದಿನದಿಂದ ಅವರ ಬಳಿ ಯಾರೂ ತೊಡಕು ಹೇಳಿಕೊಳ್ಳುವುದಿಲ್ಲ.

ಕಾಲ ನೋಡಿ ಶುರು ಮಾಡಿ

ಜನವರಿ ಒಂದರಂದು ಹೊಸ ವ್ಯವಸ್ಥೆ ಎಂದು ಬೆಂಗಳೂರಿನಲ್ಲಿ ಕೂತು ತೀರ್ಮಾನಿಸುವುದು ಸುಲಭ. ಇಲ್ಲಿ ಜನವರಿ ಎಂದರೆ ಅರೇಬಿಕಾದ ಕೊನೆಯ ಹಣ್ಣೂ ರೋಬಸ್ಟಾದ ಭರಾಟೆಯೂ ಒಟ್ಟಿಗೆ ಬೀಳುವ ಕಾಲ. ಆಗ ಹೊಸದನ್ನು ಹಿಡಿಯಲು ಯಾರಿಗೂ ಪುರುಸೊತ್ತಿಲ್ಲ.

ತೋಟದ ಪಂಚಾಂಗಕ್ಕೆ ತಕ್ಕಂತೆ ಹೀಗೆ ಮಾಡಿ. ಜುಲೈ, ಆಗಸ್ಟ್‌ನ ಮಳೆಗಾಲದಲ್ಲಿ ಜನರನ್ನು ಗಮನಿಸಿ, ಹೆಸರು ಕೇಳಿ, ಚಾಂಪಿಯನ್‌ಗಳನ್ನು ಗೊತ್ತುಮಾಡಿ. ಕರೆಂಟ್ ದಿನಗಟ್ಟಲೆ ಇರದ, ಟವರ್ ಕೈಕೊಡುವ ಈ ತಿಂಗಳಲ್ಲೇ ಆ್ಯಪ್‌ನ ಅಸಲಿ ಪರೀಕ್ಷೆಯನ್ನೂ ಮುಗಿಸಿ: ನೆಟ್‌ವರ್ಕ್ ಇಲ್ಲದ ಕಡೆ ಲೆಕ್ಕ ಬರೆದುಕೊಂಡು, ಸಿಗ್ನಲ್ ಬಂದಾಗ ತಾನೇ ಕಳುಹಿಸುತ್ತದೆಯೇ? ಹೌದಾದರೆ ಮುಂದುವರಿಯಿರಿ. ಇಲ್ಲವಾದರೆ ಎಷ್ಟೇ ಒಳ್ಳೆಯ ಚಾಂಪಿಯನ್ ಇದ್ದರೂ ಆ ಆ್ಯಪ್ ಇಲ್ಲಿ ನಡೆಯದು, ಅದನ್ನು ಮಾರಿದ ಕಂಪನಿಯ ಜೊತೆಗೇ ಮತ್ತೆ ಮಾತಾಡಿ.

ಕೊಡವರ ಕೈಲ್ ಪೊಳ್ದ್ ಹಬ್ಬ ಮುಗಿದ ಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚಾಂಪಿಯನ್‌ಗಳಿಗೆ ತರಬೇತಿ. ಮಳೆ ಬಿಟ್ಟ ಮೇಲೆ ತೋಟದ ಗಡಿ ನಡೆದು ಗುರುತು ಮಾಡುವ ಕೆಲಸವನ್ನೂ ಅವರ ಕೈಯಲ್ಲೇ ಮಾಡಿಸಿ. ಜೊತೆಯವರಿಗೆ ತೋರಿಸುವ ಮೊದಲು ಅವರಿಗೂ ಫೋನು ಕೈಗೆ ಕೂರುತ್ತದೆ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗುವಾಗ ತೋಟದ ಒಂದೇ ಒಂದು ಭಾಗದಲ್ಲಿ, ಅಂದರೆ ಡಿವಿಷನ್‌ನಲ್ಲಿ, ಪ್ರಯೋಗ. ಸುಗ್ಗಿಯ ಹಬ್ಬ ಹುತ್ತರಿ ಕಳೆದು, ರೋಬಸ್ಟಾ ಶುರುವಾಗುವ ಹೊತ್ತಿಗೆ ಇಡೀ ತೋಟಕ್ಕೆ. ರೋಬಸ್ಟಾ ಮಾತ್ರ ಇರುವ ತೋಟದಲ್ಲಿ ಮೆಣಸಿನ ಗೊಬ್ಬರ, ಗಿಡದ ಕೊಂಬೆ ಸವರುವ ಕಪಾತಿನ ಹಾಜರಿಯಿಂದ ಪ್ರಯೋಗ ಶುರು ಮಾಡಬಹುದು.

ತಕ್ಕಡಿಯ ಮುಂದಿನ ತರಬೇತಿ

ಹಾಲ್‌ನಲ್ಲಿ ಕೂರಿಸಿ ಕಲಿಸಿದ್ದು ತೋಟದಲ್ಲಿ ನೆನಪಿಗೆ ಬರುವುದಿಲ್ಲ. ಮೂರು ನಾಲ್ಕು ಜನರ ಗುಂಪು ಮಾಡಿ, ಕೆಲಸ ನಡೆಯುವ ಜಾಗದಲ್ಲೇ, ಅವರ ಕಳೆದ ವಾರದ ನಿಜವಾದ ಲೆಕ್ಕ ಇಟ್ಟುಕೊಂಡು ಕಲಿಸಿ. ಆ್ಯಪ್‌ನಲ್ಲಿ ಐವತ್ತು ಗುಂಡಿ ಇರಬಹುದು. ಮೊದಲ ವಾರ ಐದು ಸಾಕು. ಕಲಿತವರು ತಿರುಗಿ ಕಲಿಸಿ ತೋರಿಸಿದ ಮೇಲೇ ಕಲಿತಂತೆ.

ತೂಕದ ಹೊತ್ತನ್ನೇ ತೆಗೆದುಕೊಳ್ಳಿ. ಸಂಜೆ ಚೀಲಗಳು ಕಣದ ಪಕ್ಕ ಬಂದು ಬೀಳುತ್ತವೆ. ಸ್ಕೇಲ್‌ನ ಕೊಕ್ಕೆಗೆ ಚೀಲ ತೂಗುಹಾಕುತ್ತಾರೆ, ಅಂಕಿ ಕುಣಿದು ನಿಲ್ಲುತ್ತದೆ. ಹಳೆಯ ಪದ್ಧತಿಯಲ್ಲಿ ರೈಟರ್ ಅದನ್ನು ಗಟ್ಟಿಯಾಗಿ ಹೇಳುತ್ತಾರೆ, "ಎಪ್ಪತ್ತೆರಡೂವರೆ." ಕೊಯ್ದಾಕೆ ಕೇಳಿಸಿಕೊಂಡು ತಲೆಯಾಡಿಸುತ್ತಾಳೆ. ಪುಸ್ತಕದಲ್ಲಿ ಅಂಕಿ ಬೀಳುವುದನ್ನು ಆಕೆ ನೋಡುತ್ತಾಳೆ. ಓದಲು ಬಾರದಿದ್ದರೂ ನೋಡುತ್ತಾಳೆ, ಆ ನೋಟದಲ್ಲಿ ನಂಬಿಕೆ ಇದೆ. ಫೋನು ಬಂದ ಮೇಲೆ ಆಗುವುದೇನು? ರೈಟರ್ ತಲೆ ತಗ್ಗಿಸಿ ಪರದೆ ಒತ್ತುತ್ತಾರೆ, ಅಂಕಿ ಗಟ್ಟಿಯಾಗಿ ಹೇಳುವುದು ನಿಲ್ಲುತ್ತದೆ. ಚೀಲದ ತೂಕ ಎಷ್ಟು ಕಳೆಯಿತು ಎಂಬುದು ಆ್ಯಪ್‌ನೊಳಗೇ ಆಗಿಹೋಗುತ್ತದೆ. ಕೊಯ್ದಾಕೆಗೆ ಕಾಣುವುದು ಫೋನಿನ ಬೆನ್ನು ಮಾತ್ರ.

ಇಲ್ಲಿ ಚಾಂಪಿಯನ್ ಮಾಡಬೇಕಾದದ್ದು ಸಣ್ಣದು, ಆದರೆ ಬಿಡುವಂತಿಲ್ಲ. ಫೋನಿನ ಪರದೆ ಕೊಯ್ದವರ ಕಡೆಗೆ ತಿರುಗಿರಬೇಕು. ತೂಕ, ಚೀಲಕ್ಕೆ ಕಳೆದದ್ದು, ಉಳಿದದ್ದು ಮೂರನ್ನೂ ಮೊದಲಿನಂತೆಯೇ ಗಟ್ಟಿಯಾಗಿ ಹೇಳಬೇಕು. ಹೇಳಿದ್ದನ್ನು ಕೊಯ್ದವರು ತಿರುಗಿ ಹೇಳಿದ ಮೇಲೆ ಗುಂಡಿ ಒತ್ತಬೇಕು. ಮೆಸೇಜ್ ಹೋಗುವಂತಿದ್ದರೆ ಅವರ ಫೋನಿಗೆ ಬಂತೇ ಎಂದು ಕೇಳಬೇಕು. ಒಂದು ಚೀಲಕ್ಕೆ ಅರ್ಧ ನಿಮಿಷ ಹೆಚ್ಚಾದೀತು. ಮೊದಲ ಎರಡು ವಾರ ಆಗಲಿ ಬಿಡಿ.

ಆ ಎರಡು ವಾರ ಪುಸ್ತಕವೂ ಜೊತೆಗಿರಲಿ. ಆದರೆ ಪುಸ್ತಕ ನಿಲ್ಲುವ ದಿನವನ್ನು ಮೊದಲೇ ಹೇಳಿ, ಅದೇ ದಿನ ನಿಲ್ಲಿಸಿ. ಹಾಗೆ ನಿಲ್ಲಿಸಬೇಕಾದರೆ ಮ್ಯಾನೇಜರ್ ಕೂಡ ಆ್ಯಪ್‌ನಲ್ಲೇ ಲೆಕ್ಕ ನೋಡಬೇಕು. ಅವರು "ಪುಸ್ತಕ ತನ್ನಿ" ಎಂದು ಒಮ್ಮೆ ಕೇಳಿದರೂ ಸಾಕು, ನಾಳೆಯಿಂದ ಎಲ್ಲರೂ ಮತ್ತೆ ಪುಸ್ತಕದ ಕಡೆಗೇ.

ಬೆರಳಚ್ಚಿನ ಹಾಜರಿ ಇಟ್ಟುಕೊಳ್ಳುವವರಿಗೆ ಒಂದು ಮಾತು. ಮಣ್ಣು, ಕತ್ತಿ, ಗಿಡದ ಕೆಲಸದಲ್ಲಿ ಸವೆದ ಬೆರಳನ್ನು ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. ಮೂರು ಸಲ ಒತ್ತಿದರೂ ಆಗದಿದ್ದರೆ ಮುಂದೇನು ಎಂಬ ಬೇರೆ ದಾರಿ ಮೊದಲ ದಿನವೇ ಇರಬೇಕು, ಆ ದಾರಿ ಚಾಂಪಿಯನ್‌ಗೆ ಗೊತ್ತಿರಬೇಕು. ದುಡಿದ ದಿನ ಯಂತ್ರದಿಂದಾಗಿ ತಪ್ಪಿಹೋದರೆ ಆ ಮನುಷ್ಯ ಮತ್ತೆ ಯಾವ ಹೊಸದನ್ನೂ ನಂಬುವುದಿಲ್ಲ.

ಹಳೆಯ ರೈಟರ್

ಪುಸ್ತಕ ಹಿಡಿದು ತಲೆ ನರೆತ ರೈಟರ್ ವಿರೋಧಿಸಿದರೆ ಅದನ್ನು ಹಟ ಎಂದು ತಳ್ಳಬೇಡಿ. ತೋಟದ ಅರ್ಧ ಜ್ಞಾನ ಅವರ ತಲೆಯಲ್ಲಿದೆ. ಆ್ಯಪ್‌ನಲ್ಲಿ ಜಾಗಗಳು ಬ್ಲಾಕ್ 1, ಬ್ಲಾಕ್ 2 ಎಂದು ಬಂದಿರುತ್ತವೆ. ಜನರ ಬಾಯಲ್ಲಿ ಅವು ಕೆರೆ ಮೇಲಿನ ಬಾಣೆ, ಹಲಸಿನ ಮರದ ಪಟ್ಟಿ, ಹಳೇ ಲೈನಿನ ಹಿಂಭಾಗ. ಯಾವ ನಂಬರು ಯಾವ ಹೆಸರು ಎಂದು ಅವರನ್ನು ಕೂರಿಸಿಕೊಂಡು ಪಟ್ಟಿ ಮಾಡಿ, ಆ್ಯಪ್‌ನಲ್ಲಿ ಆ ಹೆಸರುಗಳನ್ನೇ ಹಾಕಿಸಿ. ಎರಡು ವಾರದ ಜೋಡಿ ಲೆಕ್ಕದಲ್ಲಿ ಪುಸ್ತಕಕ್ಕೂ ಫೋನಿಗೂ ತಾಳೆ ನೋಡುವ ಅಧಿಕಾರ ಅವರದೇ ಆಗಲಿ. ತಪ್ಪು ಹಿಡಿದರೆ ಎಲ್ಲರ ಮುಂದೆ ಒಪ್ಪಿ ತಿದ್ದಿಸಿ. ಕಲಿಸಲು ಅವರಿಗಿಂತ ಕಿರಿಯರನ್ನು ಕಳುಹಿಸುವುದಾದರೆ ಸಂಜೆ ಜನ ಚದುರಿದ ಮೇಲೆ ಕಳುಹಿಸಿ; "ಅಣ್ಣಾ, ಇದನ್ನೊಮ್ಮೆ ನೋಡಿ ಹೇಳಿ" ಎಂದು ಶುರುವಾಗುವ ಪಾಠ ಅವರಿಗೆ ನೋವಾಗುವುದಿಲ್ಲ.

ದೂರಿಗೆ ಉತ್ತರ

ವಾರಕ್ಕೊಮ್ಮೆ ಅರ್ಧ ಗಂಟೆ ಚಾಂಪಿಯನ್‌ಗಳ ಜೊತೆ ಮ್ಯಾನೇಜರ್ ಖುದ್ದಾಗಿ ಕೂರಬೇಕು. ಸಂತೆ ದಿನ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಏನು ತೊಂದರೆ, ಎಲ್ಲಿ ಆಯಿತು, ಏನು ಮಾಡಿದೆವು ಎಂದು ಬರೆಯಿರಿ. ಮುಂದಿನ ವಾರ ಮೊದಲು ಓದಬೇಕಾದದ್ದು ಮೂರನೆಯ ಕಾಲಂ. "ಇದು ಈ ವರ್ಷ ಆಗುವುದಿಲ್ಲ, ಕಾರಣ ಇದು" ಎಂಬುದೂ ಉತ್ತರವೇ. ಉತ್ತರವೇ ಬಾರದಿದ್ದರೆ ಮಾತ್ರ ಚಾಂಪಿಯನ್ ಸುಮ್ಮನಾಗುತ್ತಾರೆ, ಅವರ ಹಿಂದೆ ಗುಂಪೂ ಸುಮ್ಮನಾಗುತ್ತದೆ. ಸಾಫ್ಟ್‌ವೇರ್ ಕಂಪನಿಯ ಜೊತೆ ಒಪ್ಪಂದ ಮಾಡುವಾಗಲೇ, ಈ ನೋಟ್‌ಬುಕ್ಕಿನಿಂದ ಬಂದ ತಿದ್ದುಪಡಿಗಳನ್ನು ಎಷ್ಟು ದಿನದಲ್ಲಿ ಮಾಡಿಕೊಡುತ್ತಾರೆ ಎಂದು ಬರೆಸಿಕೊಳ್ಳಿ.

ವಾಟ್ಸ್‌ಆ್ಯಪ್ ಗುಂಪೂ ಇರಲಿ. ಬರೆದ ಸಂದೇಶಕ್ಕಿಂತ ದನಿ ಸಂದೇಶ, ಕಂಪನಿಯ ಹೊಳೆಯುವ ವೀಡಿಯೊಗಿಂತ ನಿಮ್ಮದೇ ತಕ್ಕಡಿಯ ಮುಂದೆ ನಿಮ್ಮದೇ ಚಾಂಪಿಯನ್ ತಮ್ಮ ಭಾಷೆಯಲ್ಲಿ ಹೇಳಿದ ಒಂದು ನಿಮಿಷದ ವೀಡಿಯೊ ಹೆಚ್ಚು ಕೆಲಸ ಮಾಡುತ್ತದೆ.

ಆದರೆ ಆ ಗುಂಪಿಗೆ ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಕೆಲಸದವರ ಫೋಟೊ ಹಾಕುವುದನ್ನು ಮೊದಲ ದಿನವೇ ನಿಷೇಧಿಸಿ. ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಮಾಡಿದೆ. ಕೆಲಸದವರ ವಿವರ ಜೋಪಾನವಾಗಿಡುವುದು ಅದನ್ನು ಸಂಗ್ರಹಿಸಿದವರ ಹೊಣೆ. ಯಾರ ಒಟಿಪಿಯನ್ನೂ ಚಾಂಪಿಯನ್ ಕೇಳಬಾರದು, ಯಾರ ಪಾಸ್‌ವರ್ಡನ್ನೂ ಬರೆದಿಟ್ಟುಕೊಳ್ಳಬಾರದು. ಇದನ್ನು ಕೆಲಸದವರಿಗೂ ಹೇಳಿ: "ಚಾಂಪಿಯನ್ ಕೇಳಿದರೂ ಒಟಿಪಿ ಕೊಡಬೇಡಿ." ಈ ಒಂದು ಪಾಠ ತೋಟದ ಹೊರಗೂ ಅವರ ದುಡ್ಡು ಕಾಯುತ್ತದೆ.

ನಡೆಯುತ್ತಿದೆಯೇ ಎಂದು ತಿಳಿಯುವುದು

ಎಷ್ಟು ಜನ ಆ್ಯಪ್ ಹಾಕಿಕೊಂಡರು ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಶುರು ಮಾಡುವ ಮೊದಲು ನಾಲ್ಕು ಬಟವಾಡೆಗಳಲ್ಲಿ ಎಷ್ಟು ತಕರಾರು ಬಂತು ಎಂದು ಬರೆದಿಡಿ, ಆಮೇಲಿನ ನಾಲ್ಕಕ್ಕೆ ಹೋಲಿಸಿ. ಅದೇ ದಿನ ತುಂಬಿದ ಲೆಕ್ಕ ಎಷ್ಟು, ಮರುದಿನ ತುಂಬಿದ್ದು ಎಷ್ಟು ಎಂದು ನೋಡಿ. ಮರುದಿನದ್ದು ಹೆಚ್ಚಾದರೆ ಯಾರೋ ರಾತ್ರಿ ಕೂತು ಪುಸ್ತಕದಿಂದ ನಕಲು ಮಾಡುತ್ತಿದ್ದಾರೆ ಎಂದೇ ಅರ್ಥ. ಚಾಂಪಿಯನ್‌ಗಳಿಗೆ ಬರುವ ಪ್ರಶ್ನೆಗಳು ಮೊದಲ ತಿಂಗಳು ಹೆಚ್ಚಬೇಕು, ಆಮೇಲೆ ಇಳಿಯಬೇಕು. ಮೊದಲ ತಿಂಗಳೇ ಪ್ರಶ್ನೆ ಇಲ್ಲದಿದ್ದರೆ ಎಲ್ಲರಿಗೂ ಗೊತ್ತಾಗಿದೆ ಎಂದು ಖುಷಿಪಡಬೇಡಿ, ಯಾರೂ ಬಳಸುತ್ತಿಲ್ಲವೇನೋ ಎಂದು ಹೋಗಿ ನೋಡಿ.

ಸಂಘ, ಹೋಂಸ್ಟೇಗಳಲ್ಲಿ

ಸಹಕಾರ ಸಂಘದಲ್ಲಿ ಮೂರು ನಾಲ್ಕು ಸಿಬ್ಬಂದಿ ಇದ್ದರೆ ಒಳಗಿನ ಒಬ್ಬರು ಚಾಂಪಿಯನ್ ಸಾಲದು. ಪಕ್ಕದ ಎರಡು ಮೂರು ಸಂಘಗಳ ಗುಮಾಸ್ತರು ತಿಂಗಳಿಗೊಮ್ಮೆ ಒಂದೆಡೆ ಸೇರಲಿ. ಒಂದೇ ಸಾಫ್ಟ್‌ವೇರ್, ಒಂದೇ ಬಗೆಯ ತೊಡಕು, ಒಬ್ಬರು ಬಿಡಿಸಿದ ಗಂಟು ಇನ್ನೊಬ್ಬರಿಗೆ ಸಿಗುತ್ತದೆ. ಸದಸ್ಯರು ಕೌಂಟರಿನಲ್ಲಿ ಕಾಯುವ ಸಾಲದ ನವೀಕರಣದ ದಿನಗಳಲ್ಲಿ ಹೊಸ ವ್ಯವಸ್ಥೆಗೆ ಹೋಗಬೇಡಿ.

ಗಂಡ ಹೆಂಡತಿ, ಇಬ್ಬರು ಕೆಲಸದವರು ಇರುವ ಹೋಂಸ್ಟೇಗೆ ಕಾರ್ಯಕ್ರಮದ ಹೆಸರೇ ಬೇಡ. ಬುಕಿಂಗ್ ಆ್ಯಪ್ ಇಬ್ಬರಿಗೆ ಗೊತ್ತಿದ್ದರೆ ಮುಗಿಯಿತು.

ಚಾಂಪಿಯನ್ ಹೊರಟರೆ

ಹೊರಡುತ್ತಾರೆ. ಏಪ್ರಿಲ್‌ನಲ್ಲಿ ಬಿಹುಗೆ ಅಸ್ಸಾಮಿಗೆ ಹೋದವರು ತಿರುಗಿ ಇದೇ ತೋಟಕ್ಕೆ ಬರುತ್ತಾರೆಂಬ ಖಾತ್ರಿಯಿಲ್ಲ. ಮಗಳ ಮದುವೆ, ತಾಯಿಯ ಕಾಯಿಲೆ, ಪಕ್ಕದ ತೋಟದಲ್ಲಿ ಎರಡು ರೂಪಾಯಿ ಹೆಚ್ಚಿನ ಕೂಲಿ, ಕಾರಣ ಯಾವುದೂ ಆಗಬಹುದು. ಅದಕ್ಕೇ ಪ್ರತಿ ಗುಂಪಿಗೆ ಮೊದಲಿನಿಂದಲೇ ಇಬ್ಬರನ್ನು ಜೋಡಿಯಾಗಿ ಇಡಿ. ಒಬ್ಬರು ಮುಂದೆ, ಒಬ್ಬರು ಕಲಿಯುತ್ತಾ ಜೊತೆಗೆ. ದೂರಿನ ನೋಟ್‌ಬುಕ್ ತೋಟದ ಆಫೀಸಿನಲ್ಲೇ ಇರಲಿ, ಚಾಂಪಿಯನ್ ಮನೆಯಲ್ಲಿ ಬೇಡ. ಹೊರಡುವವರಿಂದ ಫೋನು ವಾಪಸು ಪಡೆಯುವ ದಿನವೇ ಅವರ ಲಾಗಿನ್ ಮುಚ್ಚಿಸಿ, ಬರಬೇಕಾದ ಚಾಂಪಿಯನ್ ಕೂಲಿಯನ್ನು ಅದೇ ಬಟವಾಡೆಯಲ್ಲಿ ಚುಕ್ತಾ ಮಾಡಿ.

ಮಾರ್ಚ್‌ನಲ್ಲಿ ರೋಬಸ್ಟಾ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಹೊತ್ತಿನಲ್ಲಿ ಎಲ್ಲ ಚಾಂಪಿಯನ್‌ಗಳನ್ನೂ ಒಂದು ದಿನ ಕೂರಿಸಿ. ಮುಂದಿನ ವರ್ಷವೂ ಇರುತ್ತೀರಾ ಎಂದು ಒಬ್ಬೊಬ್ಬರನ್ನೇ ಕೇಳಿ. ಬೇಡ ಎಂದವರ ಬಳಿ ತಮ್ಮ ಜಾಗಕ್ಕೆ ಯಾರು ಸರಿ ಎಂದೂ ಕೇಳಿ. ಜುಲೈನಲ್ಲಿ ಹೊಸಬರ ಹೆಸರು ಹುಡುಕಲು ಶುರು ಮಾಡಬೇಕಾದದ್ದು ಆ ಪಟ್ಟಿಯಿಂದ.